ಎರಡು ಅಂಕದ ಪ್ರಶ್ನೆ

ಒಂಬತ್ತನೇ ‘ಬಿ’ಯ ಐವತ್ತೊಂದು ಪೇಪರು
ಊಟದ ಮೇಜಿನ ಮೇಲೆ. ಫ್ಯಾನಿಗೆ ಹಾರದ ಹಾಗೆ
ತೆಂಗಿನೆಣ್ಣೆ ಬಾಟಲಿಯ ಭಾರ.
ಹೊರಗೆ ಮಳೆಯಿಲ್ಲ. ಜುಲೈ ಹನ್ನೆರಡು, ಮಳೆಯಿಲ್ಲ.
ತಿಂಗಳ ಮಳೆಯೆಲ್ಲ ಜೂನಿನ ಮೂರೇ ದಿನದಲ್ಲಿ
ಸುರಿದು ಮುಗಿಸಿ ಹೋಗಿದೆ.

ಏಳನೇ ಪ್ರಶ್ನೆ:
ಅರಣ್ಯನಾಶದ ಎರಡು ಪರಿಣಾಮಗಳನ್ನು ಬರೆಯಿರಿ.
ಉತ್ತರ ನಾನೇ ಬರೆಸಿದ್ದು. ಮಣ್ಣಿನ ಸವಕಳಿ. ತಾಪಮಾನ ಏರಿಕೆ.
ಮೂವತ್ತೇಳು ಕೈಬರಹದಲ್ಲಿ ನನ್ನದೇ ದನಿ,
ಸವಕಳಿಯ ಗುಡಿಸನ್ನೂ ನಾನು ಬೋರ್ಡಿನಲ್ಲಿ ಸುತ್ತುವ ಹಾಗೆಯೇ
ಸುತ್ತಿದ್ದಾರೆ.
ಸರಿ. ಸರಿ. ಸರಿ.

ಮೂವತ್ತೆಂಟನೆಯದು ಹಿತಾಕ್ಷನದು.
ಒಂದು: ಗುಡ್ಡೆ ಬೋಳಾಗುತ್ತದೆ.
ಎರಡು: ನುಸೈಬಾಳ ಮನೆ ಉಳಿಯುತ್ತದೆ.

ಸರಿ ಗುರುತು ಅರ್ಧದಲ್ಲಿ ನಿಂತಿತು.

ಅವನ ಅಪ್ಪನದು ಟಿಪ್ಪರ್.
ಮೊದಲು ಮರ ತೆಗೆಯುತ್ತಾರಂತೆ, ಹೆಬ್ಬಲಸು, ಹೊನ್ನೆ,
ಹೆಸರು ಕೇಳುವವರಿಲ್ಲದ ಉಳಿದವು.
ಆಮೇಲೆ ಮಣ್ಣು. ಆಮೇಲೆ ಬಂಡೆಗೆ ಮದ್ದು.
ದಿನಕ್ಕೆ ಐದು ಟ್ರಿಪ್ಪು, ಉಚ್ಚಿಲದ ಕಡಲಿಗೆ.
ಕಡಲು ನುಂಗುತ್ತದೆ. ಇನ್ನೂ ತಾ ಎನ್ನುತ್ತದೆ.

ಹೋದ ಆಟಿಯಲ್ಲಿ ನುಸೈಬಾಳ ಅಡುಗೆಕೋಣೆ ಹೋಯಿತು.
‘ಬಚ್ಚಲಿನ ಬಾಗಿಲು ತೆಗೆದರೆ ಸೀದಾ ಅರಬ್ಬಿ ಸಮುದ್ರ, ಟೀಚರ್’
ಎಂದು ನಗಿಸಿದ್ದಳು ಕ್ಲಾಸನ್ನು.
ಮನೆಯ ಹಿಂದೆ ಕಲ್ಲು ಬಿದ್ದ ರಾತ್ರಿ
ಅವಳ ಉಮ್ಮ ಟಿಪ್ಪರಿನವರಿಗೆ ಚಹ ಕೊಟ್ಟರಂತೆ.
ಕ್ಲೀನರ್ ಸೀಟಿನಲ್ಲಿ ಹಿತಾಕ್ಷ,
ಶಾಲೆಯ ಚಡ್ಡಿಯಲ್ಲೇ,
ಕೆಳಗಿಳಿಯದೆ ಕುಡಿದನಂತೆ.

ನನ್ನ ಪಾಠದಲ್ಲಿ ಕಡಲು ಏರುವುದು ಧ್ರುವದಲ್ಲಿ.
ಚಾರ್ಟಿನಲ್ಲಿ ಬಿಳಿಕರಡಿ.
ಉಳ್ಳಾಲದ ಬಸ್ಸಿಳಿದು ಕಾಲಿನ ಮರಳು ಕೊಡವಿ
ಬೆಂಚಿಗೆ ಬರುವ ಮಕ್ಕಳಿಗೆ
ನಾನು ಬಿಳಿಕರಡಿ ತೋರಿಸಿದೆ.

ಅವತ್ತೇ ಎದ್ದು ನಿಂತಿದ್ದ:
‘ಟೀಚರ್, ನಮ್ಮಪ್ಪ ಮಾಡುವುದು ಕಾರಣವಾ, ಪರಿಹಾರವಾ?’
ಬೆಲ್ಲು ಹೊಡೆಯಿತು. ಬದುಕಿಕೊಂಡೆ.
ನಾಳೆ ಹೇಳುತ್ತೇನೆ ಮಾರಾಯ ಅಂದೆ.
ಆ ನಾಳೆಗೆ ಇವತ್ತು ಮೂರು ವಾರ.

ಮಾದರಿ ಉತ್ತರದ ಹಾಳೆಯಲ್ಲಿ ನುಸೈಬಾಳ ಮನೆ ಇಲ್ಲ.
ಗುಡ್ಡೆಗೊಂದು ಕೊಡಬಹುದು. ಮನೆಗೆ?
ಅರ್ಧ ಕೊಟ್ಟರೆ ಯಾವ ಅರ್ಧ,
ಅಡುಗೆಕೋಣೆ ಹೋದದ್ದಕ್ಕೋ ಚಾವಡಿ ಉಳಿದದ್ದಕ್ಕೋ?

ಅವಳ ಪೇಪರು ಹುಡುಕಿ ತೆಗೆದೆ, ಅಡಿಯಲ್ಲಿತ್ತು.
ಏಳನೇ ಪ್ರಶ್ನೆ ಬಿಟ್ಟಿದ್ದಾಳೆ.
ಎರಡು ಗೆರೆ ಖಾಲಿ. ಖಾಲಿಯೂ ಅಲ್ಲ,
ಪೆನ್ಸಿಲಿನಲ್ಲಿ ಬರೆದು ರಬ್ಬರಿನಲ್ಲಿ ಉಜ್ಜಿದ್ದಾಳೆ,
ಹಾಳೆ ಅಲ್ಲಿ ತೆಳುವಾಗಿದೆ.
ದೀಪಕ್ಕೆ ಹಿಡಿದೆ.
ಕಲ್ಲು ಎನ್ನುವಷ್ಟು ಓದಲಿಕ್ಕೆ ಬರುತ್ತದೆ,
ಮುಂದಿನದ್ದು ಬರುವುದಿಲ್ಲ.

ಹತ್ತೂಕಾಲು. ಹೆದ್ದಾರಿಯಲ್ಲಿ ಟಿಪ್ಪರೊಂದು ಹೋಯಿತು.
ಲೋಡಿನದ್ದು. ಮೇಜಿನ ಮೇಲೆ ಗಾಜಿನ ಲೋಟ
ಸಣ್ಣಗೆ ನಡುಗಿದ್ದರಿಂದ ಗೊತ್ತಾಯಿತು.
ಖಾಲಿ ಬರುವಾಗ ಸದ್ದು ಬೇರೆ,
ಕಬ್ಬಿಣಕ್ಕೆ ಕಬ್ಬಿಣ ಬಡಿಯುತ್ತ ಬರುತ್ತದೆ.
ಅದಕ್ಕೆ ಕಿವಿಗೊಟ್ಟು ಕೂತಿದ್ದೇನೆ,
ಪೆನ್ನಿನ ಮುಚ್ಚಳ ತೆಗೆದು.