ಗಾಜಿನ ಗುಳ್ಳೆ

ನಿಶಾಪುರದ ಗಾಜುಗಾರರ ಓಣಿಯಲ್ಲಿ
ನನ್ನದು ಕೊನೆಯ ಕುಲುಮೆ.
ಅದರಾಚೆ ತೊಗಲು ಹದಮಾಡುವವರ ನಾತ,
ಅದರಾಚೆ ಗೋರಿಗಳು.
ಹಕೀಮ ಯಜ್ದಾದರು ಯಾರ ಮನೆಗೆ ಹೊರಟರೂ
ನನ್ನ ಬಾಗಿಲು ದಾಟಲೇಬೇಕಿತ್ತು.

ಮೂತ್ರ ನೋಡುವ ಸೀಸೆಗಳನ್ನು ಅವರಿಗೆ
ಊದಿಕೊಟ್ಟವನು ನಾನು, ರೂಜ್‌ಬೆ.
ಸಣ್ಣ ಕತ್ತು, ಬಸುರಿಯಂಥ ಹೊಟ್ಟೆ,
ಬಣ್ಣವೇ ಇಲ್ಲದ ಗಾಜು. ಅದೇ ಕಷ್ಟದ್ದು.
ನೀಲಿಯನ್ನು ಯಾರಾದರೂ ಊದಿಯಾರು;
ಏನೂ ಇಲ್ಲದ ಬಣ್ಣಕ್ಕೆ
ಮರಳನ್ನು ಏಳು ನೀರಲ್ಲಿ ತೊಳೆಯಬೇಕು.

ಒಂದು ಬೆಳಿಗ್ಗೆ ಬಂದರು, ಕೈಯಲ್ಲಿ ನನ್ನದೇ ಸೀಸೆ.
ಬಿಸಿಲಿಗೆ ಹಿಡಿದು "ನೋಡು" ಎಂದರು.
ತಳದ ಹತ್ತಿರ, ಸಾಸಿವೆಯಷ್ಟು, ಒಂದು ಗುಳ್ಳೆ.
"ಹತ್ತಿ ಎಕ್ಕುವವನ ಹೆಂಡತಿಗೆ
ಒಳಗೆ ಕಲ್ಲು ಕಟ್ಟಿದೆ ಎಂದುಬಿಟ್ಟೆ.
ಹನ್ನೊಂದು ದಿನ ಮೂಲಂಗಿ ಬೀಜದ ಕಷಾಯ
ಮೂಗು ಮುಚ್ಚಿಕೊಂಡು ಕುಡಿದಳು, ಪಾಪ.
ಕಲ್ಲು ಇದ್ದದ್ದು ಇಲ್ಲಿ."

ನೆಲ ನೋಡುತ್ತ ನಿಂತೆ. ದುಡ್ಡು ವಾಪಸು ಎಂದೆ.
ಅವರು ನಕ್ಕರು, ಮುಂದಿನ ಹಲ್ಲಿಲ್ಲದ ನಗು:
"ನಿನ್ನದೇನು ತಪ್ಪೋ!
ಸೀಸೆಯೊಳಗಿದ್ದದ್ದನ್ನು ನೋಡಿದೆ,
ಸೀಸೆಯನ್ನು ನೋಡಲಿಲ್ಲ.
ನಲವತ್ತು ವರ್ಷ ತರ್ಕ ಓದಿದ ಕಣ್ಣು ಇದು."

ಅಲ್ಲಿಂದ ನೇರ ಅವಳ ಮನೆಗೇ ಹೋದರಂತೆ.
ಗಂಡ ಹತ್ತಿ ಎಕ್ಕುವ ಬಿಲ್ಲನ್ನೇ ಎತ್ತಿದನಂತೆ.
ಅವಳು ಮಾತ್ರ, "ತಪ್ಪಿದೆ ಎಂದು ಹೇಳಲು
ಬಾಗಿಲಿಗೆ ಬಂದ ಮೊದಲ ಹಕೀಮ" ಎಂದು
ಒಣಗಿಸಿದ ಹಿಪ್ಪುನೇರಳೆ ಕಟ್ಟಿಕೊಟ್ಟಳಂತೆ.

ಆ ಸೀಸೆಯನ್ನು ಒಡೆಯಲು ಬಿಡಲಿಲ್ಲ.
ಓದುವ ಮಣೆಯ ಮೇಲೆ, ದೀಪದ ಮಗ್ಗುಲಲ್ಲಿ ಇಟ್ಟರು.
ಹೊಸ ಹುಡುಗ ಯಾವನಾದರೂ
"ನನಗೆ ಗೊತ್ತು" ಎಂದು ಶುರುಮಾಡಿದರೆ
ಬೈಯುತ್ತಿರಲಿಲ್ಲ. ಅದನ್ನು ಅವನ ಕೈಗೆ ಕೊಡುತ್ತಿದ್ದರು.

ಬಿನಾಲೂದ್ ಬೆಟ್ಟ ಬೆಳ್ಳಗಾದ ತಿಂಗಳುಗಳಲ್ಲಿ
ಕುಲುಮೆಯ ಬಿಸಿಗೆ ಬಂದು ಕೂರುವರು.
ಜೀವ ದೇಹದಲ್ಲಿದೆಯೋ, ದೇಹವೇ ಜೀವದಲ್ಲಿದೆಯೋ,
ಅಂಥವನ್ನೆಲ್ಲ ತಮ್ಮಷ್ಟಕ್ಕೇ ಗೊಣಗುವರು.
ಒಮ್ಮೆ ನನ್ನನ್ನೇ ಕೇಳಿದರು:
"ನೀನು ಊದಿದ ಉಸಿರು, ರೂಜ್‌ಬೆ,
ಗಾಜು ಆರಿದ ಮೇಲೆ ಎಲ್ಲಿಗೆ ಹೋಗುತ್ತದೆ?"
ಕೊಳವೆಯ ತುದಿಗೆ ಕೆಂಪು ಮುದ್ದೆ ಜೋಲುತ್ತಿತ್ತು.
"ಯೋಚಿಸುತ್ತ ನಿಂತರೆ ಇದು ಸೊಟ್ಟಗಾಗುತ್ತೆ, ಹಕೀಮರೇ."
ತಿರುಗಿಸಿದೆ. ಊದಿದೆ.
ಬಹಳ ಹೊತ್ತು ಅವರ ಸದ್ದಿಲ್ಲ.
"ಈ ರಾತ್ರಿ ಬರೆಯುವುದು ಬೇಡ,
ಇಬ್ಬರಿಗೆ ಜ್ವರವಿದೆ" ಎನ್ನುತ್ತ ಎದ್ದುಹೋದರು.

ಮೂರು ವರ್ಷದ ಹಿಂದೆ, ದಾಳಿಂಬೆ ಬಿರಿಯುವ ಕಾಲ,
ಬಟ್ಟೆ ಸುತ್ತಿದ ಸೀಸೆ ತಂದರು.
ಒಳಗೆ ಹಳೆಯ ದ್ರಾಕ್ಷಾರಸದ ಕಪ್ಪು.
"ಇದನ್ನು ನಾನು ಓದಿಯಾಯಿತು. ನೀನು ಗಾಜು ನೋಡು."
ಯಾರದು ಎಂದು ಕೇಳಲಿಲ್ಲ.
ಅವರ ಕಣ್ಣಿನ ಬಿಳಿಯಲ್ಲಿ ಅರಿಸಿನ ಕದಡಿತ್ತು.

ಬಿಸಿಲಿಗೆ ಹಿಡಿದೆ. ಕತ್ತು, ಹೆಗಲು, ಹೊಟ್ಟೆ, ತಳ.
ಮಂಜಾದ ಕಣ್ಣೊರೆಸಿ ಮತ್ತೆ ತಳದಿಂದ.
ಗುಳ್ಳೆ ಬಾರದಂತೆ ಊದುವುದನ್ನು
ಅಪ್ಪ ಬಾರಿಸಿ ಬಾರಿಸಿ ಕಲಿಸಿದ್ದ.
ಅವತ್ತು ಒಂದಕ್ಕಾಗಿ,
ಸಾಸಿವೆಯಷ್ಟು, ಅದರ ಅರ್ಧದಷ್ಟು ಒಂದಕ್ಕಾಗಿ
ನನ್ನ ಕೈಗೆಲಸವನ್ನೆಲ್ಲ ತಡಕಾಡಿದೆ.

"ಗಾಜು ಸರಿಯಿದೆ" ಎಂದೆ ಕೊನೆಗೆ.

"ಒಳ್ಳೆಯ ಕೆಲಸ" ಎಂದರು.
ಬಟ್ಟೆ ಮತ್ತೆ ಸುತ್ತಿದರು, ನಿಧಾನವಾಗಿ, ಮಗುವಿಗೆ ಸುತ್ತುವ ಹಾಗೆ.
"ಮುಂದಿನ ಹನ್ನೆರಡಕ್ಕೆ ಕತ್ತು ಕೊಂಚ ಅಗಲವಿರಲಿ.
ಹೊಸ ಹುಡುಗನ ಕೈ ಇನ್ನೂ ನಡುಗುತ್ತದೆ."