ಒಂಬತ್ತನೆಯದು

ಹೊಕ್ಕುಳಬಳ್ಳಿಯ ರಕ್ತ, ನೀಲಿ ಮುಚ್ಚಳದ ನಳಿಕೆ,
ಬೆಳಗಿನ ಐದೂಕಾಲಿಗೆ ಬಂತು.
ಅಂಟಿಸಿದ ಚೀಟಿಯಲ್ಲಿ ಮಗುವಿಗಿನ್ನೂ ಹೆಸರಿಲ್ಲ,
ಕರಿಬಸಮ್ಮನ ಗಂಡುಮಗು, ಅಷ್ಟೇ.
ಕೆಳಗೆ ಡಾಕ್ಟರರ ಓರೆ ಅಕ್ಷರ:
ಸೋದರಮಾವನಿಗೆ ರಕ್ತ ನಿಲ್ಲುತ್ತಿರಲಿಲ್ಲ.

ಮೂವತ್ತೇಳು ಡಿಗ್ರಿಯ ನೀರಲ್ಲಿ ನಳಿಕೆ ಇಳಿಸಿ
ಹೆಪ್ಪುಗಟ್ಟುವುದನ್ನು ಕಾಯುವುದು ನನ್ನ ಕೆಲಸ.
ಹೆಪ್ಪು ಅಂದರೆ ಅಮ್ಮನಿಗೆ ಬೇರೆ:
ಬಾಷಾನಗರದ ಮನೆಯಲ್ಲಿ, ರಾತ್ರಿ ಊಟವಾದ ಮೇಲೆ
ಉಗುರುಬೆಚ್ಚನೆ ಹಾಲಿಗೆ ಒಂದು ಚಮಚ,
ಮೇಲೊಂದು ತಟ್ಟೆ.
"ಜುಬೇದಾ, ಅಲುಗಿಸಿದರೆ ನೀರೊಡೆಯುತ್ತೆ, ನೋಡು."
ಅವಳಿಗೇನು ಗೊತ್ತು, ನಾನೂ ದಿನವಿಡೀ
ಅದನ್ನೇ ಮಾಡುವುದು, ಸೆಕೆಂಡು ಎಣಿಸುತ್ತ.

ಫಲಿತಾಂಶ ಬಂತು.
ಒಂಬತ್ತನೆಯ ಅಂಶ, ನೂರಕ್ಕೆ ಇಪ್ಪತ್ತೆಂಟು.
ದೊಡ್ಡವರದಾಗಿದ್ದರೆ ಕೆಂಪು ಶಾಯಿಯಲ್ಲಿ ಬರೆದು
ಮೆಟ್ಟಿಲು ಹತ್ತಿ ಓಡುತ್ತಿದ್ದೆ.
ಇವನು ಹುಟ್ಟಿ ಒಂದು ತಾಸು.
ಪೆನ್ನಿನ ತುದಿ ಹಾಳೆಯ ಮೇಲೆ ನಿಂತೇ ಇತ್ತು.

ಎಳೆಯ ಯಕೃತ್ತಿನಲ್ಲಿ
ಪ್ರೋಟೀನು ಮಾಡಿರೆಂಬ ಓಲೆಗಳು ಆಗಲೇ ಹೊರಟಿರುತ್ತವೆ.
ದಾರಿಯಲ್ಲಿ ಇವು ಸಿಗುತ್ತವೆ, ಮೈಕ್ರೋ ಆರ್‌ಎನ್‌ಎಗಳು,
ಇಪ್ಪತ್ತೆರಡು ಅಕ್ಷರದವು,
ಒಂದು ಒಗಟಿಗೂ ಸಾಲದಷ್ಟು.
ಓಲೆಯನ್ನು ಹರಿಯುವುದೂ ಉಂಟು. ಒಮ್ಮೊಮ್ಮೆ
ಬಾಲದ ಕಡೆ ಬಂದು ಕೂತು
ಓದಗೊಡುವುದಿಲ್ಲ.

ಅಬ್ಬಾ ಹೀಗೇ, ಮಂಡಕ್ಕಿ ಭಟ್ಟಿಯಲ್ಲಿ.
ಕಾದ ಮರಳು, ಉಪ್ಪುನೀರು ಕುಡಿದ ಅಕ್ಕಿ,
ಹೊಸದಾಗಿ ಸೇರಿದ ಹುಡುಗನ ಅವಸರ;
ಅವನ ಮಣಿಕಟ್ಟಿನ ಮೇಲೆ ಎರಡು ಬೆರಳು.
ಹಿಡಿಯುತ್ತಿರಲಿಲ್ಲ, ತಳ್ಳುತ್ತಿರಲಿಲ್ಲ, ಸುಮ್ಮನೆ ಇಡುತ್ತಿದ್ದರು.
"ತಡಿ."
ಬೆರಳು ತೆಗೆದ ಮೇಲೆಯೇ ಭಟ್ಟಿ ತುಂಬ ಬಿಳಿ ಸದ್ದು.

ಇದೊಂದೇ ಕಾರಣವೆಂದು ಯಾರು ಹೇಳಿಯಾರು?
ವಿಟಮಿನ್ ಕೆ ಸಾಲದು, ಯಕೃತ್ತು ಇನ್ನೂ ಎಳಸು,
ಯಾವ ತುಣುಕು ಯಾವ ಓಲೆಯ ಮೇಲೆ ಕೂತಿದೆಯೋ
ಹುಡುಕುವವರು ಹುಡುಕುತ್ತಲೇ ಇದ್ದಾರೆ.
ನನಗೆ ಗೊತ್ತಿರುವುದು ಇಷ್ಟು:
ಹಸುಗೂಸಿನ ಮೈಯಲ್ಲಿ ಕಟ್ಟು ಎನ್ನುವವೂ ಹಲವು ಅರ್ಧಂಬರ್ಧ,
ಕಟ್ಟಬೇಡ ಎನ್ನುವವೂ ಅರ್ಧಂಬರ್ಧ.
ಅರ್ಧ ಕೇಜಿಗೆ ಅರ್ಧ ಕೇಜಿಯ ಬಟ್ಟು ಇಟ್ಟಂತೆ
ಮುಳ್ಳು ಮಾತ್ರ ನೆಟ್ಟಗೆ.
ಕೊರತೆಯಲ್ಲ ಅದು, ವಯಸ್ಸು.

ಆದರೆ ಇವನದು?
ಅಳಿಸಿಹೋಗುವ "ತಡಿ"ಯೋ,
ತಾಯಿಯ ಕಡೆಯಿಂದ ಇಳಿದುಬಂದ ತಪ್ಪಕ್ಷರವೋ?
ಇಪ್ಪತ್ತೆಂಟು ಎರಡಕ್ಕೂ ಹೂಂ ಅನ್ನುತ್ತದೆ.

ಮಾವ ಹಾಲೇಶ ಮಂಡಿಪೇಟೆಯಲ್ಲಿ ತೂಕ ಬರೆಯುತ್ತಿದ್ದ.
ದವಡೆಹಲ್ಲು ಕೀಳಿಸಿಕೊಂಡು ಮನೆಗೆ ಬಂದ,
ಅರಿಶಿನ ಒತ್ತಿದರು, ಕಾಫಿಪುಡಿ ಒತ್ತಿದರು,
ನಾಲ್ಕು ದಿನ ದಿಂಬು ಒಗೆದರು.
ಐದನೆಯ ದಿನ ಒಗೆಯುವುದಿರಲಿಲ್ಲ.
ಊರಿನ ಮೆಕ್ಕೆಜೋಳ, ಶೇಂಗಾ ಎಲ್ಲದರ ಲೆಕ್ಕ ಬರೆದವನ
ಸ್ವಂತ ಅಂಕಿಯೊಂದನ್ನು
ಯಾರೂ ಬರೆದಿಡಲಿಲ್ಲ.

ಹತ್ತು ಗಂಟೆಗೆ ಡಾಕ್ಟರರ ಜೊತೆ ನಾನೂ ವಾರ್ಡಿಗೆ ಹೋದೆ,
ಹೋಗಬೇಕಾದ ಕೆಲಸವೇನಿರಲಿಲ್ಲ.
ಮಗು ಮುಷ್ಟಿ ಬಿಗಿಹಿಡಿದು ಮಲಗಿತ್ತು,
ಒಂದು ಕಾಲು ಮಾತ್ರ ಬಟ್ಟೆಯಿಂದ ಹೊರಗೆ.
ಅವರು ಹೇಳಿದರು, ಈಗಲೇ ಇಂಥದ್ದೆಂದು ಹೇಳಲಾಗದು,
ಈ ಅಂಶ ಮೆಲ್ಲಗೆ ಏರುತ್ತದೆ,
ಆರು ತಿಂಗಳು ಬಿಟ್ಟು ಇನ್ನೊಮ್ಮೆ ನೋಡೋಣ.
ನಾನು ಕಡತದಲ್ಲಿ ತಿಂಗಳು ಬರೆದೆ, ಪೆನ್ಸಿಲಿನಲ್ಲಿ.

ಕರಿಬಸಮ್ಮ ಅಳಲಿಲ್ಲ.
ಮಗುವಿನ ಕೆಳದುಟಿಯನ್ನು ಕಿರುಬೆರಳಲ್ಲಿ ಸ್ವಲ್ಪ ಸರಿಸಿ
ಬರಿಯ ಗುಲಾಬಿ ವಸಡನ್ನು ನೋಡಿದಳು,
ಆಮೇಲೆ ನನ್ನನ್ನು, ಡಾಕ್ಟರರನ್ನಲ್ಲ:

"ಅಷ್ಟೊತ್ತಿಗೆ ಹಲ್ಲು ಬರ್ತಾವಲ್ರೀ, ಅಕ್ಕಾ?"