ಡಿ ಅಕ್ಷರದ ಪುಟ

ಮತ್ತೀಕೆರೆಯ ಒಣಕಸದ ಶೆಡ್ಡಿನಲ್ಲಿ
ಮೂಟೆ ಬಿಚ್ಚಿದರೆ ಒಂದು ಇಂಗ್ಲಿಷ್ ಡಿಕ್ಷನರಿ.
ರಟ್ಟಿಲ್ಲ, ಎ ಇಲ್ಲ, ಬಿ ಇಲ್ಲ, ಸಿ ಇಲಿಯ ಪಾಲು.
ಕೆಜಿಗೆ ಹನ್ನೆರಡು, ಅಂದಳು ಮುನಿತಾಯಮ್ಮ,
ತೂಕಕ್ಕೆ ಹಾಕೋ ಮುಂಚೆ ಒಂದು ಪುಟ ಓದು.

ಡ್ರೈ ಡೇ.
ಅದು ಗೊತ್ತು ಬಿಡು.
ಅವತ್ತೇ ಅಲ್ವಾ ಬಾಟ್ಲಿ ಚೀಲ ಹೊರಕ್ಕಾಗದಷ್ಟು ಭಾರ.

ಡ್ರೈ ಕ್ಲೀನ್: ನೀರು ಸೋಕಿಸದೆ ಒಗೆಯುವುದು.
ನಮ್ ಬೀದಿಗೆ ಕಾವೇರಿ ವಾರಕ್ಕೆರಡೇ ಸಲ,
ನಾವು ಅದನ್ನೇ ಮಾಡ್ತಿರೋದು, ಹೆಸರು ಗೊತ್ತಿರ್ಲಿಲ್ಲ.

ಡ್ರೈ ಫ್ರೂಟ್ ಓದಿದಾಗ ಮೂಲೆಯತ್ತ ನೋಡಿದಳು:
ದೀಪಾವಳಿ ಕಳೆದು ಬಂದ ಮಖಮಲ್ಲಿನ ಡಬ್ಬಿಗಳು,
ಹಣ್ಣನ್ನು ಕಂಡವರು ಇಲ್ಲಿ ಯಾರೂ ಇಲ್ಲ.

ಡ್ರೈ ರನ್ ಅಂದ್ರೆ?
ನಿಜವಾದದ್ದಕ್ಕೆ ಮುಂಚೆ
ಸುಮ್ಮನೆ ಒಮ್ಮೆ ಮಾಡಿ ನೋಡುವುದು.
ಒಂದು ಹಾಲಿನ ಕವರು ಕೊಡವಿ, ಇನ್ನೊಂದು ಕೊಡವಿ,
ನನ್ನ ಮೊದಲನೇ ಮದುವೆ, ಅಂದಳು.

ಡ್ರೈ ಹ್ಯೂಮರಿನ ಅರ್ಥ ನಾನು ಓದಲಿಲ್ಲ.

ನಮ್ಮಲ್ಲೂ ಐತೆ ಕಣಮ್ಮ:
ಒಣಜಂಭ. ಒಣಹರಟೆ.
ಗ್ಲೌಸು ಕೇಳಿದ್ದಕ್ಕೆ ವಾರ್ಡಿನವರು
ಶಾಲು ಹೊದಿಸಿ ಫೋಟೋ ಹಿಡಿದರಲ್ಲ,
ಆ ಒಣ ಉಪಚಾರ.
ಪಾಪ, ಈ ಒಣಕ್ಕೆ ಒಳ್ಳೇದು ಒಂದೂ ಅಂಟಲ್ವಾ?

ಒಣಮೆಣಸಿನಕಾಯಿ, ಅಂದೆ.
ಹ್ಞಾ, ಅದೊಂದು, ಅಂತ ಒಪ್ಪಿಕೊಂಡಳು,
ಬುತ್ತಿಯ ಕಡೆ ಕಣ್ಣು ಹಾಯಿಸಿ.

ಸಂಜೆ ತಕ್ಕಡಿಯವನು ಬಂದ.
ಹಾಳೆ ಒದ್ದೆಯಿದೆ, ಇವತ್ತು ಬೇಡ, ಅಂದಳವಳು
ಹನಿ ನೀರು ಕಾಣದ ಪುಸ್ತಕವನ್ನು
ಗೋಡೆಯ ಮೇಲೆ ಬಿಸಿಲಿಗೆ ಬಿಡಿಸಿಟ್ಟು.
ಅವನು ಹೋದ ಮೇಲೆ ನನಗೆ, ಮೆಲ್ಲಗೆ:
ನಾಳೆ ಇ.